ವೈಫೈ ಹತ್ತಿದೆ, ನೆಟ್ ಬರ್ತಿಲ್ಲ

(ಮಾತಾಡುವವರು ಇಬ್ಬರು. ಹಿಂದೂಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸೋದರಮಾವ; ಕಲ್ಯಾಣದುರ್ಗದಲ್ಲಿ ಬಿ.ಎಡ್. ಮುಗಿಸಿ ಟೆಟ್ ಪರೀಕ್ಷೆಗೆ ಓದುತ್ತಿರುವ ಅಕ್ಕನ ಮಗಳು. ಮೊದಲು ಎರಡೂ ಊರು ಅನಂತಪುರ ಜಿಲ್ಲೆಯವೇ. 2022ರ ಏಪ್ರಿಲ್ 4ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು ಎನ್ನುವ ಕುಟುಂಬ. ಹೆಸರಿನ ಬದಲು ಊರುಗಳೇ ಮಾತಾಡುತ್ತವೆ.)

ಕಲ್ಯಾಣದುರ್ಗ: ಮಾವ, ಗಿರಾಕಿ ಇದಾರಾ? ಆಮೇಲೆ ಮಾಡ್ಲಾ?

ಹಿಂದೂಪುರ: ಈಗ್ತಾನೆ ಒಬ್ರು ಹೋದ್ರು. ಹೇಳಮ್ಮ.

ಕಲ್ಯಾಣದುರ್ಗ: ಅಣ್ಣ ಅವನ ಹಳೇ ಲ್ಯಾಪ್‌ಟಾಪ್ ನಂಗೆ ಕೊಟ್ಟನಲ್ಲ, ಅದು ವೈಫೈ ಹಿಡೀತಿದೆ, ಆದ್ರೆ ಒಂದು ಪೇಜೂ ಓಪನ್ ಆಗ್ತಿಲ್ಲ. ಇಲ್ಲೇ ಒಂದು ಅಂಗಡೀಲಿ ತೋರಿಸ್ದೆ. ಫಾರ್ಮ್ಯಾಟ್ ಹೊಡೀಬೇಕು ಅಂದ್ರು. ನಾಳೆ ಬೆಳಿಗ್ಗೆ ಮಾಕ್ ಟೆಸ್ಟ್ ಬೇರೆ ಇದೆ.

ಹಿಂದೂಪುರ: ಏನು ನೋಡಿ ಫಾರ್ಮ್ಯಾಟ್ ಅಂದ್ರು?

ಕಲ್ಯಾಣದುರ್ಗ: ಬ್ರೌಸರ್ ತೆಗೆದ್ರು, ಬರಲಿಲ್ಲ. ಅಷ್ಟೇ.

ಹಿಂದೂಪುರ: ನಮ್ಮ ಕಸುಬಿನಲ್ಲಿ ಫಾರ್ಮ್ಯಾಟ್ ಅನ್ನೋದು ಯೋಚನೆ ಮಾಡೋಕೆ ಬೇಜಾರಾದವರು ಕೊಡೋ ಉತ್ತರ. ಎಷ್ಟೋ ಸಲ ಸರಿಹೋಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಏನು ಕೆಟ್ಟಿತ್ತು ಅಂತ ನಿಂಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ. ನಿಮ್ಮಣ್ಣನ ಫೋಟೋಗಳಂತೂ ಹೋದ್ವು. ಬಾ, ಮೊದಲು ಅದು ಏನು ಹೇಳ್ತಿದೆ ಅಂತ ಓದು. ಇದ್ದದ್ದು ಇದ್ದ ಹಾಗೆ.

ಕಲ್ಯಾಣದುರ್ಗ: ವೈಫೈ ಹೆಸರಿನ ಕೆಳಗೆ 'ನೋ ಇಂಟರ್ನೆಟ್, ಸೆಕ್ಯೂರ್ಡ್' ಅಂತಿದೆ. ಕೆಳಗೆ ಮೂಲೇಲಿ ಗಡಿಯಾರದ ಪಕ್ಕ ಒಂದು ಗೋಲ, ಅದಕ್ಕೆ ಅಡ್ಡ ಗೆರೆ ಎಳೆದ ಗುರುತು. ಆದ್ರೆ ಸಿಗ್ನಲ್ ಫುಲ್ ಇದೆ ಮಾವ.

ಹಿಂದೂಪುರ: ಸಿಗ್ನಲ್ ಫುಲ್ ಅಂದ್ರೆ ರೂಟರ್ ಡಬ್ಬಿ ಹತ್ತಿರ ಇದೆ ಅಂತ, ಇನ್ನೇನೂ ಅಲ್ಲ. ಸೆಕ್ಯೂರ್ಡ್ ಅಂದ್ರೆ ಈ ವೈಫೈಗೆ ಪಾಸ್‌ವರ್ಡಿನ ಬೀಗ ಇದೆ ಅಂತ. ವೈಫೈ ಅನ್ನೋದು ಲ್ಯಾಪ್‌ಟಾಪಿನಿಂದ ಗೋಡೆ ಮೇಲಿನ ಡಬ್ಬಿ ತನಕ ಮಾತ್ರ. 1997ರಲ್ಲಿ 802.11 ಅಂತ ನಿಯಮ ಬರೆದವರೂ ಅಷ್ಟು ದೂರಕ್ಕೇ ಬರೆದದ್ದು. ನೀನೀಗ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿಗೆ ಬಂದು ನಿಂತಿದೀಯ, ಹಿಂದೂಪುರಕ್ಕೆ ಬಸ್ ಇದೆಯೋ ಇಲ್ವೋ ಅದು ಬೇರೆ ಮಾತು.

ಕಲ್ಯಾಣದುರ್ಗ: ಹಾಗಾದ್ರೆ ಇಂಟರ್ನೆಟ್ ಇಲ್ಲ ಅಂತ ಅದಕ್ಕೆ ಯಾರು ಹೇಳಿದ್ರು? ನಾನಿನ್ನೂ ಬ್ರೌಸರ್ ಮುಟ್ಟೇ ಇರಲಿಲ್ಲ, ಆಗಲೇ ಗುರುತು ಹಾಕಿಬಿಟ್ಟಿತ್ತು.

ಹಿಂದೂಪುರ: ಒಳ್ಳೇ ಪ್ರಶ್ನೆ. ಇದನ್ನ ಅಂಗಡಿಯವರೂ ಕೇಳ್ಕೊಳ್ಳಲ್ಲ. ವಿಂಡೋಸ್‌ನಲ್ಲಿ ಒಂದು ಸಣ್ಣ ಏರ್ಪಾಡಿದೆ. ವೈಫೈ ಹಿಡಿದ ತಕ್ಷಣ ಅದು ನಿನ್ನ ಕೇಳದೆ ಮೈಕ್ರೋಸಾಫ್ಟ್‌ನ ಒಂದು ವಿಳಾಸಕ್ಕೆ ಹೋಗಿ ಒಂದು ಪುಟಾಣಿ ಫೈಲ್ ತರುತ್ತೆ. ಅದರೊಳಗೆ ಇರೋದು ಮೂರೇ ಪದ, 'ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್'. ಆ ಮೂರು ಪದ ವಾಪಸ್ ಬಂದ್ರೆ ಇಂಟರ್ನೆಟ್ ಇದೆ, ಬರದಿದ್ರೆ ಇಲ್ಲ. ಅಷ್ಟೇ ಅದರ ಲೆಕ್ಕ.

ಕಲ್ಯಾಣದುರ್ಗ: ಆ ಒಂದು ಫೈಲ್ ಸಿಗಲಿಲ್ಲ ಅಂತ ಇಡೀ ಇಂಟರ್ನೆಟ್ಟೇ ಇಲ್ಲ ಅನ್ನುತ್ತಾ?

ಹಿಂದೂಪುರ: ಅನ್ನುತ್ತೆ. ಅದಕ್ಕೇ ಆ ಗುರುತನ್ನ ಪೂರ್ತಿ ನಂಬಬಾರದು. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಅಂತ ಎಲ್ರೂ ಮನೆಯಿಂದ ಕೆಲಸ ಶುರು ಮಾಡಿದ ಹೊತ್ತಿಗೆ ಸರಿಯಾಗಿ, ವಿಂಡೋಸ್ 10ರ ಒಂದು ಅಪ್‌ಡೇಟಿನಿಂದ ಈ ಗುರುತೇ ಕೆಟ್ಟಿತ್ತು. ಪ್ರಾಕ್ಸಿ, ವಿಪಿಎನ್ ಹಾಕ್ಕೊಂಡಿದ್ದವರಿಗೆ ನೆಟ್ ಇದ್ರೂ ಇಲ್ಲ ಅಂತ ತೋರಿಸ್ತಿತ್ತು. ಆ ಗುರುತನ್ನೇ ನಂಬಿ ಕೂತಿದ್ದ ಕೆಲವು ಆಫೀಸ್ ಆ್ಯಪ್‌ಗಳು ಕೆಲಸಾನೇ ಮಾಡಲಿಲ್ಲ. ತಿಂಗಳ ಕೊನೇಲಿ ರಿಪೇರಿ ಬಂತು. ಇರಲಿ, ನಿಂದು ಆ ಕೇಸಲ್ಲ, ಪೇಜೂ ಬರ್ತಿಲ್ಲ ಅಂತೀಯಲ್ಲ. ಮನೇಲಿ ಬೇರೆ ಯಾವುದರಲ್ಲಿ ನೆಟ್ ಬರ್ತಿದೆ?

ಕಲ್ಯಾಣದುರ್ಗ: ನನ್ನ ಫೋನಲ್ಲಿ ಬರ್ತಿದೆ. ಅದೂ ಇದೇ ವೈಫೈಗೆ ಸೇರಿದೆ.

ಹಿಂದೂಪುರ: ಸೇರಿದೆ ಸರಿ, ನೆಟ್ ಅದರಿಂದಲೇ ಬರ್ತಿದೆಯಾ? ಫೋನುಗಳು ಜಾಣ. ವೈಫೈಲಿ ನೆಟ್ ಇಲ್ಲ ಅಂತ ಗೊತ್ತಾದ್ರೆ ಸದ್ದಿಲ್ಲದೆ ಸಿಮ್ಮಿನ ಡೇಟಾಕ್ಕೆ ಜಾರ್ಕೊಳ್ತವೆ, ಮೇಲ್ಗಡೆ ವೈಫೈ ಗುರುತು ಹಾಗೇ ಇರುತ್ತೆ. ಅರ್ಧ ಜನ ಇಲ್ಲೇ ದಾರಿ ತಪ್ಪೋದು. ಫೋನಲ್ಲಿ ಬರುತ್ತೆ, ಹಾಗಾದ್ರೆ ಲ್ಯಾಪ್‌ಟಾಪೇ ಕೆಟ್ಟಿದೆ ಅಂತ ಹೊತ್ಕೊಂಡು ಬರ್ತಾರೆ. ಡೇಟಾ ಆಫ್ ಮಾಡಿ ನೋಡು.

ಕಲ್ಯಾಣದುರ್ಗ: ಕಾಲ್ ಕಟ್ ಆಗಲ್ವಾ?

ಹಿಂದೂಪುರ: ಏರೋಪ್ಲೇನ್ ಮೋಡ್ ಹಾಕಿದ್ರೆ ಕಟ್ ಆಗುತ್ತೆ. ಮೊಬೈಲ್ ಡೇಟಾ ಒಂದನ್ನೇ ಆಫ್ ಮಾಡು, ಮಾತು ನಡೀತಿರುತ್ತೆ. ಮಾಡಿದ್ಯಾ? ಈಗ ಯಾವತ್ತೂ ತೆಗೀದಿರೋ ಪೇಜೊಂದು ತೆಗಿ. ಹಳೇದು ಬೇಡ, ಅದು ಫೋನಲ್ಲೇ ಉಳಿದಿದ್ದು ಕಾಣಿಸಬಹುದು.

ಕಲ್ಯಾಣದುರ್ಗ: ಲೇಪಾಕ್ಷಿ ದೇವಸ್ಥಾನ ಅಂತ ಹುಡುಕ್ದೆ. ಬಂತು, ಫೋಟೋನೂ ಬಂತು.

ಹಿಂದೂಪುರ: ಸರಿ. ಅಂದ್ರೆ ಡಬ್ಬಿಯಿಂದ ಆಚೆಗೆಲ್ಲ ಚೆನ್ನಾಗಿದೆ. ಫೋನಲ್ಲೂ ಬರದೇ ಇದ್ದಿದ್ರೆ ನಿನ್ನ ಲ್ಯಾಪ್‌ಟಾಪ್ ಮುಚ್ಚಿಟ್ಟು ಡಬ್ಬಿ ಮುಂದೆ ಹೋಗಿ ನಿಲ್ಲು ಅಂತಿದ್ದೆ.

ಕಲ್ಯಾಣದುರ್ಗ: ಡಬ್ಬಿ ನೋಡಿ ಏನು ತಿಳ್ಕೊಳ್ಳೋದು? ಅದರಲ್ಲಿ ಐದಾರು ದೀಪ ಮಿಣುಮಿಣು ಅಂತಿರ್ತವೆ, ಅಷ್ಟೇ.

ಹಿಂದೂಪುರ: ಎರಡೇ ದೀಪ ಸಾಕು. 'ಪಾನ್' ಅಂತ ಬರೆದಿರೋದು ಹಸಿರಾಗಿ ಸುಮ್ನೆ ಉರೀತಿರಬೇಕು. 'ಲಾಸ್' ಅಂತ ಬರೆದಿರೋದು ಆರಿರಬೇಕು. ಲಾಸ್ ಕೆಂಪಗೆ ಮಿಟುಕಿದ್ರೆ ಫೈಬರ್‌ನಲ್ಲಿ ಬೆಳಕು ಬರ್ತಿಲ್ಲ ಅಂತ ಅರ್ಥ. ಆಗ ಮನೇಲಿ ಕೂತು ಏನು ತಿಪ್ಪರಲಾಗ ಹಾಕಿದ್ರೂ ಪ್ರಯೋಜನ ಇಲ್ಲ, ಕೇಬಲ್‌ನವರಿಗೆ ಫೋನ್ ಮಾಡ್ಬೇಕು. ಅದಕ್ಕೂ ಮುಂಚೆ ಬೀರು ಹಿಂದೆ ನೋಡು, ಆ ತೆಳು ವೈರು ಮಡಚಿಕೊಂಡಿರಬಹುದು. ತಾಮ್ರದ ತಂತಿ ಮಡಚಿದ್ರೂ ಕರೆಂಟ್ ಹರಿಯುತ್ತೆ, ಗಾಜಿನ ಎಳೆ ಜೋರಾಗಿ ಬಾಗಿದ್ರೆ ಬೆಳಕು ಬದೀಗೆ ಸೋರಿಹೋಗುತ್ತೆ. ಬೆಳಕು ಬರ್ತಿದೆಯಾ ನೋಡೋಣ ಅಂತ ವೈರು ಕಿತ್ತು ಕಣ್ಣಿಗೆ ಹಿಡೀಬೇಡ. ಅದು 1490 ನ್ಯಾನೋಮೀಟರ್ ಬೆಳಕು, ಇದ್ರೂ ಕಣ್ಣಿಗೆ ಕಾಣಲ್ಲ.

ಕಲ್ಯಾಣದುರ್ಗ: ನಮ್ಮ ಬೀದೀಲಿ ಆ ವೈರು ಕರೆಂಟ್ ಕಂಬದ ಮೇಲೇ ಬರುತ್ತೆ. ಶೇಂಗಾ ಹೊಟ್ಟು ತುಂಬಿದ ಟ್ರ್ಯಾಕ್ಟರ್ ಬಂದಾಗ ಅಮ್ಮ ಬಾಗಿಲಿಗೆ ಬಂದು ನಿಂತ್ಕೊಳ್ತಾಳೆ, ಎಲ್ಲಿ ಎಳ್ಕೊಂಡು ಹೋಗುತ್ತೋ ಅಂತ.

ಹಿಂದೂಪುರ: ಅಕ್ಕ ಸರಿಯಾಗೇ ಹೆದರ್ತಾಳೆ. ಆಂಧ್ರದಲ್ಲಿ ಫೈಬರ್ ಹಳ್ಳಿಹಳ್ಳಿಗೆ ಬೇಗ ಬಂದದ್ದೇ ಕಂಬದಿಂದ. ಎಪಿ ಫೈಬರ್‌ನೆಟ್ ಅಂತ ಸರ್ಕಾರದ ಯೋಜನೆ, 2017ರ ಡಿಸೆಂಬರ್ 27ಕ್ಕೆ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಬಂದು ಶುರು ಮಾಡಿದ್ರು. ಆಗ ತಿಂಗಳಿಗೆ 149 ರೂಪಾಯಿ ಇತ್ತು, ಅದಕ್ಕೆ ಟಿವಿ, ಫೋನು, 15 ಎಂಬಿಪಿಎಸ್ ನೆಟ್ಟು. ರಸ್ತೆ ಅಗೆದು ಹೂಳೋಕೆ ಹೋಗಿದ್ರೆ ಎಷ್ಟು ವರ್ಷ ಹಿಡೀತಿತ್ತೋ! ಇದ್ದ ಕಂಬಗಳ ಮೇಲೇ ಎಳೆದ್ರು. ಬೇಗ ಆಯ್ತು, ಅಗ್ಗವಾಗೂ ಆಯ್ತು. ನನ್ನ ಕೇಳಿದ್ರೆ ಅದು ಸರಿಯಾದ ತೀರ್ಮಾನವೇ. ಆದ್ರೆ ಮೇಲೆ ಎಳೆದದ್ದು ಗಾಳಿಗೆ ತೂಗುತ್ತೆ, ಕೊಂಬೆ ಬಿದ್ರೆ ಕಡಿಯುತ್ತೆ. ಕಲ್ಯಾಣದುರ್ಗದ ಗಾಳಿ ಬಗ್ಗೆ ನಾನು ನಿಂಗೆ ಹೇಳ್ಬೇಕಾ!

ಕಲ್ಯಾಣದುರ್ಗ: ಪಾನ್ ಹಸಿರಾಗೇ ಇದೆ, ಲಾಸ್ ಆರಿದೆ.

ಹಿಂದೂಪುರ: ಫೋನ್ ಆಗಲೇ ಹೇಳಿತಲ್ಲ. ಇನ್ನು ಲ್ಯಾಪ್‌ಟಾಪ್ ಮುಂದೆ ಕೂತ್ಕೊ. ವಿಂಡೋಸ್ ಕೀ ಜೊತೆ ಆರ್ ಒತ್ತು, ಸಿಎಂಡಿ ಅಂತ ಬರೆದು ಎಂಟರ್. ಕಪ್ಪು ಕಿಟಕಿ ಬರುತ್ತೆ.

ಕಲ್ಯಾಣದುರ್ಗ: ಬಂತು. ಮಾವ, ಒಂದು ತೆಲುಗು ವಿಡಿಯೋದಲ್ಲಿ ಇದೇ ಕಿಟಕೀಲಿ ಹತ್ತು ಕಮಾಂಡ್ ಕೊಟ್ಟಿದ್ರು, ವಿನ್‌ಸಾಕ್ ರೀಸೆಟ್ಟು ಅದು ಇದು. ಎಲ್ಲಾ ಹೊಡೆದುಬಿಡ್ಲಾ?

ಹಿಂದೂಪುರ: ಬೇಡ. ಹತ್ತು ಒಟ್ಟಿಗೆ ಹೊಡೆದು ಸರಿಹೋದ್ರೆ ಯಾವುದರಿಂದ ಸರಿಹೋಯ್ತು ಅಂತ ಹೇಗೆ ಗೊತ್ತಾಗುತ್ತೆ? ಸರಿಹೋಗದಿದ್ರೆ ಯಾವುದು ಹೊಸದಾಗಿ ಕೆಟ್ಟಿತು ಅಂತ ಹೇಗೆ ಗೊತ್ತಾಗುತ್ತೆ? ಈಗ ಏನನ್ನೂ ಬದಲಾಯಿಸೋದು ಬೇಡ, ಬರೀ ಕೇಳೋಣ. 'ಐಪಿಕಾನ್‌ಫಿಗ್' ಅಂತ ಬರಿ, ಒಂದು ಜಾಗ ಬಿಟ್ಟು ಸ್ಲ್ಯಾಶ್, 'ಆಲ್'. ವೈಫೈ ಅಂತ ಇರೋ ಕಡೆ ಐಪಿವಿ4 ಅಡ್ರೆಸ್ ಓದು.

ಕಲ್ಯಾಣದುರ್ಗ: 192.168.1.37.

ಹಿಂದೂಪುರ: ಚೆನ್ನಾಗಿದೆ. 169.254 ಅಂತ ಶುರುವಾಗಿದ್ರೆ ಕಥೆ ಬೇರೆ ಇರ್ತಿತ್ತು.

ಕಲ್ಯಾಣದುರ್ಗ: ಅದೇನು, ಕೆಟ್ಟ ನಂಬರಾ?

ಹಿಂದೂಪುರ: ಅನಾಥ ನಂಬರು. ಮನೆಯೊಳಗೆ ಬಂದ ಪ್ರತಿ ಯಂತ್ರಕ್ಕೂ ಡಬ್ಬಿ ಒಂದು ನಂಬರ್ ಹಂಚುತ್ತೆ. ಲ್ಯಾಪ್‌ಟಾಪ್ 'ನಂಗೊಂದು ಕೊಡಿ' ಅಂತ ಕೂಗುತ್ತೆ, ಯಾರೂ ಓಗೊಡದಿದ್ರೆ ಕಾದು ಕಾದು ತಾನೇ 169.254 ಅಂತ ಒಂದು ಇಟ್ಕೊಳ್ಳುತ್ತೆ. ಆ ನಂಬರಿಂದ ಡಬ್ಬಿ ದಾಟಕ್ಕಾಗಲ್ಲ. ನನ್ನ ಅಂಗಡಿಗೆ ಬರೋ 'ವೈಫೈ ಇದೆ ನೆಟ್ ಇಲ್ಲ' ಕೇಸುಗಳಲ್ಲಿ ಬೇಕಾದಷ್ಟು ಇದೇ. ಡಬ್ಬಿಯ ಹಂಚಿಕೆ ನಿಂತುಹೋಗಿರುತ್ತೆ, ಇಲ್ಲಾ ಇರೋ ನಂಬರೆಲ್ಲ ಖರ್ಚಾಗಿರುತ್ತೆ. ಮದುವೆ ಮನೇಲಿ ನೆಂಟರ ಫೋನೆಲ್ಲ ವೈಫೈಗೆ ಸೇರಿಸಿದ ದಿನ ನೋಡಬೇಕು ನೀನು! ಡಬ್ಬೀನ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆನ್ ಮಾಡಿದ್ರೆ ಹೆಚ್ಚಿನವು ಸರಿಹೋಗ್ತವೆ. 'ಆಫ್ ಮಾಡಿ ಆನ್ ಮಾಡು' ಅಂದ್ರೆ ಜನ ನಗ್ತಾರೆ, ಅದಕ್ಕೆ ಕಾರಣ ಇದೆ ಅಂತ ಯಾರೂ ಹೇಳಿರಲ್ಲ. ಸರಿ, ಡಿಫಾಲ್ಟ್ ಗೇಟ್‌ವೇ ಏನಿದೆ?

ಕಲ್ಯಾಣದುರ್ಗ: 192.168.1.1.

ಹಿಂದೂಪುರ: ಅದೇ ನಿಮ್ಮ ಡಬ್ಬಿ. ಈಗ 'ಪಿಂಗ್' ಅಂತ ಬರೆದು ಆ ನಂಬರ್ ಹಾಕು.

ಕಲ್ಯಾಣದುರ್ಗ: ನಾಲ್ಕು ಸಾಲು ಬಂತು. ರಿಪ್ಲೈ, ಟೈಮ್ 3 ಎಂಎಸ್.

ಹಿಂದೂಪುರ: ಹೋಗಿ ಬರೋಕೆ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು. ಈ ಪಿಂಗ್ ಬರೆದವನು ಮೈಕ್ ಮಸ್ ಅಂತ, ಅಮೆರಿಕದ ಸೈನ್ಯದ ಪ್ರಯೋಗಾಲಯದಲ್ಲಿ ಇದ್ದ. 1983ರ ಡಿಸೆಂಬರ್‌ನಲ್ಲಿ ಅವನ ನೆಟ್‌ವರ್ಕಿಗೂ ನಿಂದೇ ಥರದ್ದೊಂದು ಕಾಟ ಬಂತು, ಎಲ್ಲಿ ನಿಂತುಹೋಗ್ತಿದೆ ಅಂತ ಗೊತ್ತಾಗಲಿಲ್ಲ. ಅದಕ್ಕೇ ಅಂತ ಬರೆದದ್ದು. ಜಲಾಂತರ್ಗಾಮಿ ಹುಡುಕೋರು ನೀರಿನಲ್ಲಿ ಸದ್ದು ಬಿಟ್ಟು ಪ್ರತಿಧ್ವನಿ ಕೇಳ್ತಾರಲ್ಲ, ಆ ಸದ್ದಿನ ಹೆಸರನ್ನೇ ಇಟ್ಟ. ನೋಡೋಕೆ ಸಣ್ಣದು, ಆದ್ರೆ ಇವತ್ತಿಗೂ ನನ್ನ ಅಂಗಡೀಲಿ ಅದಕ್ಕಿಂತ ನಂಬಿಕಸ್ಥ ಸಾಮಾನು ಇನ್ನೊಂದಿಲ್ಲ. ಈಗ ಪಿಂಗ್ 8.8.8.8.

ಕಲ್ಯಾಣದುರ್ಗ: ಎಂಟು ನಾಲ್ಕು ಸಲ? ಬಂತು, 28 ಎಂಎಸ್. ಇದ್ಯಾರದು?

ಹಿಂದೂಪುರ: ಗೂಗಲ್‌ದು, 2009ರ ಡಿಸೆಂಬರ್‌ನಿಂದ ಇದೆ. ಒಂದೇ ನಂಬರನ್ನ ಪ್ರಪಂಚದ ಬೇರೆಬೇರೆ ಕಡೆ ಇರೋ ಯಂತ್ರಗಳಿಗೆ ಕೊಟ್ಟಿರ್ತಾರೆ, ಹತ್ತಿರದಲ್ಲಿ ಇರೋದು ಉತ್ತರ ಕೊಡುತ್ತೆ. ಅದೆಲ್ಲಾ ಇರಲಿ, ಏನಾಯ್ತು ಗೊತ್ತಾಯ್ತಾ ಈಗ?

ಕಲ್ಯಾಣದುರ್ಗ: ಅಂದ್ರೆ... ಲ್ಯಾಪ್‌ಟಾಪ್ ಕಲ್ಯಾಣದುರ್ಗ ದಾಟಿ ಹೊರಗೆ ಹೋಗಿ ವಾಪಸ್ ಬಂತು! ನೆಟ್ ಇದೆ!

ಹಿಂದೂಪುರ: ಇದೆ. ಇಲ್ಲ ಅಂತ ಗುರುತು ಹಾಕ್ಕೊಂಡು ಕೂತಿದೆ, ಫಾರ್ಮ್ಯಾಟ್ ಮಾಡಿ ಅಂತ ಅಂಗಡಿಯವರೂ ಹೇಳಿದಾರೆ, ಆದ್ರೆ ನೆಟ್ ಇದೆ. ಈಗ ನಂಬರ್ ಬದಲು ಹೆಸರು ಹಾಕು. ಪಿಂಗ್ ಗೂಗಲ್ ಡಾಟ್ ಕಾಮ್.

ಕಲ್ಯಾಣದುರ್ಗ: ಸ್ವಲ್ಪ ಹೊತ್ತು ಸುಮ್ನಿತ್ತು. 'ಕುಡ್ ನಾಟ್ ಫೈಂಡ್ ಹೋಸ್ಟ್' ಅಂತ ಬಂತು.

ಹಿಂದೂಪುರ: ಸಿಕ್ಕಿಬಿತ್ತು. ನಂಬರ್ ಕೊಟ್ರೆ ಹೋಗುತ್ತೆ, ಹೆಸರು ಕೊಟ್ರೆ ಹೋಗಲ್ಲ. ದಾರಿ ಸರಿ ಇದೆ, ಹೆಸರಿಗೆ ನಂಬರ್ ಹೇಳೋರು ಇಲ್ಲ. ಡಿಎನ್‌ಎಸ್ ಅಂತ ಕೇಳಿರ್ತೀಯ.

ಕಲ್ಯಾಣದುರ್ಗ: ಕೇಳಿದೀನಿ. ಪರೀಕ್ಷೆಗೆ ಅಂತ ಉರು ಹೊಡೆದದ್ದು, ಡೊಮೈನ್ ನೇಮ್ ಸಿಸ್ಟಮ್.

ಹಿಂದೂಪುರ: ಉರು ಹೊಡೆಯೋಕೆ ಅದರಲ್ಲಿ ಏನೂ ಇಲ್ಲ. ಯಂತ್ರಗಳಿಗೆ ಗೊತ್ತಿರೋದು ನಂಬರ್ ಮಾತ್ರ, ನೆನಪಿಟ್ಕೊಳ್ಳೋಕೆ ಆಗೋದು ನಮಗೆ ಹೆಸರು ಮಾತ್ರ. ಮೊದಮೊದಲು ಇಡೀ ನೆಟ್‌ವರ್ಕಿನ ಹೆಸರುಗಳೆಲ್ಲ ಒಂದೇ ಫೈಲಿನಲ್ಲಿದ್ವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅನ್ನೋ ಹೆಂಗಸಿನ ತಂಡ ಅದನ್ನ ನೋಡ್ಕೊಳ್ತಿತ್ತು. ಹೊಸ ಯಂತ್ರ ಬಂದ್ರೆ ಅವರಿಗೆ ತಿಳಿಸಬೇಕು, ಅವರು ಸೇರಿಸ್ತಾರೆ, ಉಳಿದವರೆಲ್ಲ ಆ ಫೈಲನ್ನ ಮತ್ತೆ ತರಿಸ್ಕೊಳ್ತಾರೆ. ಯಂತ್ರ ಜಾಸ್ತಿ ಆದ ಹಾಗೆ ಅದು ಏಗದಾಯ್ತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅನ್ನೋನು ಈಗಿನ ಏರ್ಪಾಡು ಮಾಡಿದ. ಒಬ್ಬರ ಹತ್ತಿರ ಪೂರ್ತಿ ಪಟ್ಟಿ ಇಲ್ಲ, ಒಬ್ಬರು ಇನ್ನೊಬ್ಬರನ್ನ ಕೇಳಿ ಹೇಳ್ತಾರೆ. ನೀನು ಒಂದು ಪೇಜ್ ತೆಗೆದ್ರೂ ಈ ಕೇಳಾಟ ಹತ್ತಾರು ಸಲ ನಡೆದಿರುತ್ತೆ. ಅದು ನಿಂತುಹೋದ್ರೆ ನೋಡೋರಿಗೆ ಇಂಟರ್ನೆಟ್ಟೇ ಸತ್ತ ಹಾಗೆ ಕಾಣುತ್ತೆ. ಮೈಕ್ರೋಸಾಫ್ಟ್‌ನ ಆ ಮೂರು ಪದದ ಫೈಲೂ ಹೆಸರು ಕೇಳಿಯೇ ಹೋಗ್ಬೇಕಲ್ಲ, ಅದೂ ಸಿಗಲಿಲ್ಲ. ಅದಕ್ಕೇ ಅಡ್ಡ ಗೆರೆ. ಕಪ್ಪು ಕಿಟಕೀಲಿ ಮೇಲೆ ಹೋಗು, ಡಿಎನ್‌ಎಸ್ ಸರ್ವರ್ಸ್ ಅಂತ ಇದೆಯಲ್ಲ, ಏನು ನಂಬರು?

ಕಲ್ಯಾಣದುರ್ಗ: 10.20.0.5. ಕೆಳಗೆ ಇನ್ನೊಂದು, 10.20.0.6.

ಹಿಂದೂಪುರ: ಅಣ್ಣ ಬೆಂಗಳೂರಲ್ಲಿ ಇದನ್ನ ಆಫೀಸಿಗೆ ತಗೊಂಡು ಹೋಗ್ತಿದ್ನಾ?

ಕಲ್ಯಾಣದುರ್ಗ: ಹೌದು, ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿಂದ ಲ್ಯಾಪ್‌ಟಾಪ್ ಕೊಟ್ಟಿರಲಿಲ್ಲ, ಇದನ್ನೇ ಒಯ್ತಿದ್ದ. ಆಮೇಲೆ ಡಬ್ಬಕ್ಕೆ ಹಾಕಿ ಅಟ್ಟದ ಮೇಲಿಟ್ಟಿದ್ದ.

ಹಿಂದೂಪುರ: ಅಲ್ಲಿಯವರು ಯಾರೋ ಅವರ ಸರ್ವರ್ ನಂಬರನ್ನ ಕೈಯಲ್ಲಿ ಬರೆದಿಟ್ಟಿದಾರೆ. 10ರಿಂದ ಶುರುವಾಗೋದು, 192.168ರಿಂದ ಶುರುವಾಗೋದು, ಇವೆಲ್ಲ ಒಳಮನೆ ನಂಬರುಗಳು. ಯಾರು ಬೇಕಾದ್ರೂ ತಮ್ಮ ಕಟ್ಟಡದೊಳಗೆ ಬಳಸ್ಕೊಳ್ಳಬಹುದು, ಹೊರಗಿನ ಇಂಟರ್ನೆಟ್ಟಲ್ಲಿ ಅವಕ್ಕೆ ಬೆಲೆ ಇಲ್ಲ. ಬೆಂಗಳೂರಿನ ಆ ಕಟ್ಟಡದಲ್ಲಿ 10.20.0.5 ಅಂದ್ರೆ ಒಬ್ಬರಿದ್ರು, ಉತ್ತರ ಕೊಡ್ತಿದ್ರು. ಕಲ್ಯಾಣದುರ್ಗದಲ್ಲಿ ನಿಂತು ಕೂಗಿದ್ರೆ ಯಾರು ಕೇಳ್ತಾರೆ? ಲ್ಯಾಪ್‌ಟಾಪ್ ನಿಷ್ಠೆಯಿಂದ ಅವರನ್ನೇ ಕೇಳ್ತಾ ಕೂತಿದೆ, ಪಾಪ.

ಕಲ್ಯಾಣದುರ್ಗ: ವೈಫೈ ಬದಲಾದ ತಕ್ಷಣ ಇದೂ ಬದಲಾಗಬಾರದಾ?

ಹಿಂದೂಪುರ: ಡಬ್ಬಿ ಹೇಳಿಕೊಟ್ಟದ್ದಾದ್ರೆ ಬದಲಾಗುತ್ತೆ. ಮನುಷ್ಯ ಕೈಯಾರೆ ಬರೆದದ್ದನ್ನ ವಿಂಡೋಸ್ ಮುಟ್ಟಲ್ಲ, ಬೇಕೂಂತಲೇ ಬರೆದಿರ್ತಾರೆ ಅಂದ್ಕೊಳ್ಳುತ್ತೆ. ಅದು ಅದರ ಮರ್ಯಾದೆ. ವಿಂಡೋಸ್ ಕೀ ಜೊತೆ ಆರ್ ಒತ್ತು. ಬರ್ಕೋ: ಎನ್, ಸಿ, ಪಿ, ಎ, ಚುಕ್ಕಿ, ಸಿ, ಪಿ, ಎಲ್. ವೈಫೈ ಮೇಲೆ ಬಲಗಡೆ ಕ್ಲಿಕ್, ಪ್ರಾಪರ್ಟೀಸ್. ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4 ಅಂತ ಇರೋದನ್ನ ಎರಡು ಸಲ ಒತ್ತು. ಮೇಲ್ಗಡೆ, ಐಪಿ ಅಡ್ರೆಸ್ ಭಾಗ, ಆಟೋಮ್ಯಾಟಿಕ್ ಅಂತಲೇ ಇರಬೇಕು.

ಕಲ್ಯಾಣದುರ್ಗ: ಇದೆ. ಕೆಳಗಿನದರಲ್ಲಿ ಮಾತ್ರ ಆ 10ರ ನಂಬರ್ ಬರೆದಿದೆ.

ಹಿಂದೂಪುರ: ಒಂದು ಫೋಟೋ ತಗೊಂಡು ಅಣ್ಣನಿಗೆ ಕಳಿಸೋಕೆ ಇಟ್ಕೋ. ಆಮೇಲೆ ಅದನ್ನೂ ಆಟೋಮ್ಯಾಟಿಕ್ ಮಾಡು, ಓಕೆ, ಓಕೆ. ಕಪ್ಪು ಕಿಟಕೀಲಿ 'ಐಪಿಕಾನ್‌ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್'. ಹಳೇ ಉತ್ತರಗಳನ್ನ ಮರೆತುಬಿಡು ಅಂತ ಹೇಳಿದ ಹಾಗೆ.

ಕಲ್ಯಾಣದುರ್ಗ: ಮಾವ! ಅಡ್ಡ ಗೆರೆ ಹೋಯ್ತು. ಮಾಕ್ ಟೆಸ್ಟ್ ಸೈಟ್ ತೆಗೀತೀನಿ ಇರಿ... ಅಯ್ಯೋ. 'ಯುವರ್ ಕನೆಕ್ಷನ್ ಈಸಂಟ್ ಪ್ರೈವೇಟ್' ಅಂತಿದೆ. ಕೆಂಪು ತ್ರಿಕೋನ. ಯಾರಾದ್ರೂ ಹ್ಯಾಕ್ ಮಾಡಿದಾರಾ?

ಹಿಂದೂಪುರ: ಗಾಬರಿ ಬೇಡ. ಕೆಳಗೆ ಸಣ್ಣಕ್ಷರದಲ್ಲಿ ಏನಿದೆ?

ಕಲ್ಯಾಣದುರ್ಗ: ನೆಟ್, ಎರಡು ಚುಕ್ಕಿ ಎರಡು ಸಲ, ಎರ್ ಸರ್ಟ್ ಡೇಟ್ ಇನ್‌ವ್ಯಾಲಿಡ್.

ಹಿಂದೂಪುರ: ಡೇಟ್ ಅಂದ್ಯಾ? ಲ್ಯಾಪ್‌ಟಾಪಿನ ಗಡಿಯಾರ ನೋಡು.

ಕಲ್ಯಾಣದುರ್ಗ: ಹತ್ತೂಕಾಲು... ತಾರೀಖು ಜನವರಿ 1, 2018! ಇಷ್ಟೊತ್ತು ಇದರ ಪಕ್ಕದ ಗೋಲಾನೇ ನೋಡ್ತಾ ಇದ್ವಿ.

ಹಿಂದೂಪುರ: ಅಟ್ಟದ ಮೇಲೆ ಇತ್ತು ಅಂದ್ಯಲ್ಲ. ದೊಡ್ಡ ಬ್ಯಾಟರಿ ಪೂರ್ತಿ ಇಳಿದಿದೆ. ಒಳಗೆ ಗಡಿಯಾರ ನಡೆಸೋಕೆ ನಾಣ್ಯದ ಹಾಗೆ ಒಂದು ಸಣ್ಣ ಸೆಲ್ ಇರುತ್ತೆ, ಅದೂ ಸತ್ತಿದೆ. ಆನ್ ಮಾಡಿದಾಗ ಅದಕ್ಕೆ ಇವತ್ತು ಯಾವ ದಿನ ಅಂತ ಗೊತ್ತಿಲ್ಲ, ಕಾರ್ಖಾನೇಲಿ ಬರೆದುಕೊಟ್ಟ ತಾರೀಖಿನಿಂದ ಶುರು ಮಾಡಿದೆ.

ಕಲ್ಯಾಣದುರ್ಗ: ತಾರೀಖು ತಪ್ಪಿದ್ರೆ ಸೈಟಿಗೇನು ಕಷ್ಟ?

ಹಿಂದೂಪುರ: ಬೀಗದ ಗುರುತಿರೋ ಪ್ರತಿ ಸೈಟೂ ತಾನು ತಾನೇ ಅಂತ ತೋರಿಸೋಕೆ ಒಂದು ಸರ್ಟಿಫಿಕೇಟ್ ಕೊಡುತ್ತೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದ ತನಕ ಅಂತ ಅವಧಿ ಇರುತ್ತೆ. ನಿನ್ನ ಬ್ರೌಸರ್ 2018ರಲ್ಲಿ ಕೂತಿದೆ, ಅದರ ಲೆಕ್ಕದಲ್ಲಿ ಈ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ. ಮೊದಲು ಎರಡು ಮೂರು ವರ್ಷದ ಅವಧಿ ಕೊಡ್ತಿದ್ರು. 2020ರ ಸೆಪ್ಟೆಂಬರ್‌ನಿಂದ 398 ದಿನಕ್ಕಿಂತ ಹೆಚ್ಚಿಲ್ಲ ಅಂದ್ರು. 2029ರ ಹೊತ್ತಿಗೆ 47 ದಿನಕ್ಕೆ ಇಳಿಸೋದು ಅಂತ ತೀರ್ಮಾನ ಆಗಿದೆ. ಅಂದ್ರೆ ಗಡಿಯಾರ ತಪ್ಪಿರೋ ಲ್ಯಾಪ್‌ಟಾಪಿಗೆ ಬರ್ತಾ ಬರ್ತಾ ಕಷ್ಟ ಜಾಸ್ತಿ. ಮೈಕ್ರೋಸಾಫ್ಟ್‌ನ ಆ ಮೂರು ಪದದ ಫೈಲ್ ಮಾತ್ರ ಬೀಗ ಇಲ್ಲದ ದಾರೀಲಿ ಬರುತ್ತೆ, ಅದಕ್ಕೆ ತಾರೀಖು ಲೆಕ್ಕಕ್ಕಿಲ್ಲ. ಅದಕ್ಕೇ ಅಡ್ಡ ಗೆರೆ ಹೋದ್ರೂ ಸೈಟ್ ಬರಲಿಲ್ಲ.

ಕಲ್ಯಾಣದುರ್ಗ: ಇಲ್ಲಿ 'ಅಡ್ವಾನ್ಸ್‌ಡ್' ಅಂತ ಒತ್ತಿದ್ರೆ ಮುಂದೆ ಹೋಗಬಹುದು ಅಂತ ನನ್ನ ಫ್ರೆಂಡ್ ಹೇಳ್ತಿದ್ಲು.

ಹಿಂದೂಪುರ: ಪಾಸ್‌ವರ್ಡ್ ಹಾಕೋ ಸೈಟಿನಲ್ಲಿ ಆ ಚಾಳಿ ಬೇಡವೇ ಬೇಡ. ನಿಂದು ಈಗ ಗಡಿಯಾರದ ತಪ್ಪು, ನಿಜ. ಇನ್ನೊಂದು ದಿನ ಅದೇ ಕೆಂಪು ತ್ರಿಕೋನ ನಿಜವಾದ ಕಳ್ಳನಿಂದಲೇ ಬಂದಿರುತ್ತೆ, ಆಗಲೂ ಕೈ ತಾನಾಗೇ ಅಲ್ಲಿಗೆ ಹೋಗುತ್ತೆ. ಗಡಿಯಾರದ ಮೇಲೆ ಬಲಗಡೆ ಕ್ಲಿಕ್ ಮಾಡು, ಅಡ್ಜಸ್ಟ್ ಡೇಟ್ ಟೈಮ್. ಮೊದಲು ಟೈಮ್ ಜೋನ್ ನೋಡು, ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ, 5:30 ಅಂತ ಇರಬೇಕು. ಅದು ತಪ್ಪಿದ್ದಾಗ ಜನ ಮುಳ್ಳು ತಿರುಗಿಸ್ತಾರೆ, ನೋಡೋಕೆ ಸರಿ ಕಾಣುತ್ತೆ, ಒಳಗಿನ ಲೆಕ್ಕ ಗಂಟೆಗಟ್ಟಲೆ ತಪ್ಪಿರುತ್ತೆ.

ಕಲ್ಯಾಣದುರ್ಗ: 5:30 ಇದೆ. ಆಟೋಮ್ಯಾಟಿಕ್ಕೂ ಆನ್ ಇದೆ. ಈಗ ನೆಟ್ ಬಂತಲ್ಲ, ತಾನೇ ಸರಿಮಾಡ್ಕೊಳ್ಳಲ್ವಾ?

ಹಿಂದೂಪುರ: ಕೆಲವು ನಿಮಿಷ ಹಿಂದೆ ಮುಂದೆ ಆಗಿದ್ರೆ ಮಾಡ್ಕೊಳ್ತಿತ್ತು. ಇಷ್ಟು ವರ್ಷದ ವ್ಯತ್ಯಾಸ ಕಂಡ್ರೆ ಸಮಯ ಹೇಳೋ ಸರ್ವರ್‌ದೇ ತಪ್ಪಿರಬಹುದು ಅಂತ ಅದು ಅನುಮಾನ ಪಡುತ್ತೆ. ಆಫ್ ಮಾಡಿ ಕೈಯಲ್ಲಿ ಹಾಕು, ಆಮೇಲೆ ಮತ್ತೆ ಆನ್ ಮಾಡಿ 'ಸಿಂಕ್ ನೌ' ಒತ್ತು.

ಕಲ್ಯಾಣದುರ್ಗ: ಹಾಕ್ದೆ. ಬ್ರೌಸರ್ ಮುಚ್ಚಿ ತೆಗೀತೀನಿ... ಬಂತು. ಲಾಗಿನ್ ಪೇಜ್ ಬಂತು ಮಾವ. 'ಭಾಷೆ 1' ಅನ್ನೋ ಕಡೆ ತೆಲುಗು, ಉರ್ದು, ಹಿಂದಿ, ಕನ್ನಡ ಎಲ್ಲಾ ಇದೆ.

ಹಿಂದೂಪುರ: ಕನ್ನಡ ಒತ್ತು. ಅಮ್ಮನ ಹತ್ತಿರ ಮಾತಾಡಿದ್ದು ವ್ಯರ್ಥ ಆಗಬಾರದು.

ಕಲ್ಯಾಣದುರ್ಗ: ಒಂದು ಕೇಳ್ಲಾ? ನನ್ನ ಫ್ರೆಂಡ್ ಹಿಂದೂಪುರ ಸ್ಟೇಷನ್‌ನಲ್ಲಿ ಬೆಂಗಳೂರು ರೈಲಿಗೆ ಕಾಯ್ತಾ ಲ್ಯಾಪ್‌ಟಾಪ್ ತೆಗೆದ್ರೆ ಅವಳಿಗೂ ಹೀಗೇ, ವೈಫೈ ಹಿಡಿಯುತ್ತೆ, ನೆಟ್ ಇಲ್ಲ. ಅದೂ ಡಿಎನ್‌ಎಸ್ಸಾ?

ಹಿಂದೂಪುರ: ಅದು ರೋಗ ಅಲ್ಲ, ಬಾಗಿಲು. ಮೊಬೈಲ್ ನಂಬರ್ ಕೊಡು, ಓಟಿಪಿ ಹಾಕು, ಆಮೇಲೆ ಒಳಗೆ ಬಾ ಅನ್ನೋ ಪೇಜ್ ಬರಬೇಕು. ಕೆಲವು ಸಲ ಅದು ಏಳಲ್ಲ, ಯಾಕಂದ್ರೆ ಬೀಗದ ಸೈಟನ್ನ ಸ್ಟೇಷನ್ನಿನ ವೈಫೈ ಮಧ್ಯದಲ್ಲಿ ಹಿಡಿದು ತಿರುಗಿಸೋಕಾಗಲ್ಲ. ಬೀಗ ಇಲ್ಲದ ಪೇಜ್ ಒಂದು ತೆಗೀಬೇಕು. ಅದಕ್ಕೆಂದೇ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಒಂದಿದೆ, ಅದನ್ನ ತೆಗೆದ್ರೆ ಓಟಿಪಿ ಪೇಜ್ ಎದ್ದು ಬರುತ್ತೆ. ಇನ್ನು ಅಣ್ಣ ಆಫೀಸಿನ ಪ್ರಾಕ್ಸಿ, ವಿಪಿಎನ್ ಏನಾದ್ರೂ ಬಿಟ್ಟಿದಾನಾ ಅಂತಲೂ ಒಂದ್ಸಲ ನೋಡಿಬಿಡು, ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಅಂತ ಹುಡುಕು. ಅದೂ ಇದೇ ಜಾತಿ. ಊರು ಬಿಟ್ಟು ಬಂದ್ರೂ ಆ ಊರಿನ ವಿಳಾಸ ಕೇಳ್ತಾ ಇರುತ್ತೆ.

ಕಲ್ಯಾಣದುರ್ಗ: ಪ್ರಾಕ್ಸಿ ಆಫ್ ಇದೆ. ಆದ್ರೆ ಮಾವ, ಇವತ್ತು ಶಟ್‌ಡೌನ್ ಮಾಡಿದ್ರೆ ನಾಳೆ ಬೆಳಿಗ್ಗೆ ಮತ್ತೆ 2018ಕ್ಕೆ ಹೋಗುತ್ತಾ?

ಹಿಂದೂಪುರ: ದೊಡ್ಡ ಬ್ಯಾಟರೀಲಿ ಚಾರ್ಜ್ ಇರೋ ತನಕ ಸಾಮಾನ್ಯವಾಗಿ ಹೋಗಲ್ಲ, ಗಡಿಯಾರ ಅದರಿಂದಲೇ ನಡೆಯುತ್ತೆ. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಮಲಗು. ನಾಳೆ ಟೆಸ್ಟಿಗೆ ಕೂರೋ ಮುಂಚೆ ತಾರೀಖು ನೋಡಿ ಕೂರು. ಸೆಲ್ ಬದಲಾಯಿಸಲೇಬೇಕು. ಸಿಆರ್ 2032 ಅಂತ ಗಡಿಯಾರದ ಅಂಗಡೀಲೂ ಸಿಗುತ್ತೆ, ಆದ್ರೆ ಕೆಲವು ಲ್ಯಾಪ್‌ಟಾಪಿಗೆ ವೈರು, ಪ್ಲಗ್ಗು ಇರೋದೇ ಬೇಕು. ಹಿಂದಿನ ಮುಚ್ಚಳ ನೀನು ಬಿಚ್ಚಬೇಡ, ಅದರ ಕೊಂಡಿ ಮುರಿದ್ರೆ ಕೂರಲ್ಲ. ಅಡಿಯಲ್ಲಿ ಚೀಟಿ ಇರುತ್ತಲ್ಲ, ಮಾಡೆಲ್ ನಂಬರ್ ಬರೆದಿರೋದು, ಅದನ್ನ ಕಳಿಸು. ಬೆಂಗಳೂರಿಗೆ ಹೋಗೋರ ಹತ್ತಿರ ತರಿಸಿಟ್ಟಿರ್ತೀನಿ.

ಕಲ್ಯಾಣದುರ್ಗ: ಫೋನಲ್ಲಿ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡ್ಲಾ?

ಹಿಂದೂಪುರ: ಬೇಡ, ನಂಬರನ್ನ ಲ್ಯಾಪ್‌ಟಾಪಿಂದಲೇ ಮೇಲ್ ಮಾಡು. ಬರುತ್ತಾ ನೋಡೋಣ.